ಕೆಂಪು ಚೀಟಿ, ಕಪ್ಪು ಚೀಟಿ

ಹೊರಟಿದ್ದು

ಥಾಯ್ಲೆಂಡಿಗೆ ಹೋಗಬೇಕಾಗಿದ್ದವಳು ನಾನಲ್ಲ, ನನ್ನ ತಮ್ಮನ ಹೆಂಡತಿ. ಇನ್ನೇನು ಹೊರಡಬೇಕು ಅನ್ನುವಾಗ ಅವಳ ಮಂಡಿ ಕೈಕೊಟ್ಟಿತು. ತಮ್ಮ ರುದ್ರಪ್ಪ ವಿಜಯನಗರದಿಂದ ಫೋನ್ ಮಾಡಿ, “ಅಕ್ಕ, ಅವಳ ಬದ್ಲು ನೀನೇ ಬಂದ್ಬಿಡೇ. ಟೂರಿನವ್ರು ಹೆಸ್ರು ಬದಲಾಯಿಸಿ ಕೊಡ್ತಾರಂತೆ,” ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ನಾನು ಬಸವೇಶ್ವರನಗರದ ನಮ್ಮ ಮನೆಯ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಿದ್ದೆ. ಪಾಸ್‌ಪೋರ್ಟನ್ನು ಮೊಮ್ಮಗಳು ಯಾವತ್ತೋ ಮಾಡಿಸಿಟ್ಟಿದ್ದಳು. ಅದರ ಫೋಟೋದಲ್ಲಿ ನಾನು ಪೊಲೀಸರು ಹುಡುಕುತ್ತಿರುವ ಹೆಂಗಸಿನ ಹಾಗಿದ್ದೇನೆ.

ಇದನ್ನೂ ಮೊಮ್ಮಗಳೇ ಕಲಿಸಿಕೊಟ್ಟಳು, ಫೋನಿನಲ್ಲಿ ಕನ್ನಡ ಬರೆಯುವುದನ್ನು. ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ತಪ್ಪಿದ್ದರೆ ಬೆರಳಿನದು, ಸರಿಯಿದ್ದರೆ ನನ್ನದು.

ರುದ್ರಪ್ಪನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾದವನು, ಒಳ್ಳೆಯವನು. ಮನೆಯಲ್ಲಿ ಜಿರಳೆ ಕಂಡರೆ ಸೋಫಾ ಹತ್ತುತ್ತಾನೆ. ಆದರೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತನೆಂದರೆ ದೊಡ್ಡ ಸೇನಾಪತಿ. ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯಲ್ಲೂ ಅದೇ ಆಯಿತು. ಮಾಗಡಿ ರೋಡಿನಲ್ಲಿ ಇಬ್ಬರು ಹುಡುಗರು ಬೈಕಿನ ಮುಂದಿನ ಚಕ್ರ ಎತ್ತಿಕೊಂಡು ನಮ್ಮ ಪಕ್ಕದಲ್ಲೇ ಹಾರಿಹೋದರು.

“ನೋಡು, ನೋಡು! ಇಂಥೋರನ್ನೆಲ್ಲ ಹಿಡ್ಕೊಂಡ್ಹೋಗಿ ಎರಡು ವರ್ಷ ಮಿಲಿಟ್ರಿಗೆ ಹಾಕ್ಬೇಕು. ಕಡ್ಡಾಯ ಮಾಡ್ಬೇಕು. ಆಗ ಬುದ್ಧಿ ಬರುತ್ತೆ.”

“ನಿನ್ ಮೊಮ್ಮಗನ್ನ ಯಾವತ್ತು ಸೇರಿಸ್ತೀಯ?”

“ಅವನಿಗೆ ಡಸ್ಟ್ ಅಲರ್ಜಿ ಕಣೇ ಅಕ್ಕ.”

“ಬಾರ್ಡರ್‌ನಲ್ಲಿ ಡಸ್ಟ್ ಇರಲ್ಲ ಬಿಡು. ಬರೀ ಹೊಗೆ.”

ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ. ರುದ್ರಪ್ಪ ಕಿಟಕಿಯ ಗಾಜು ಏರಿಸಿದ.

ಬ್ಯಾಂಕಾಕ್

ಆ ಊರಿನಲ್ಲಿ ನನಗೆ ಮೊದಲು ಕಾಣಿಸಿದ್ದಲ್ಲ, ಕೇಳಿಸದೇ ಹೋದದ್ದು ಹೇಳಬೇಕು. ಹಾರ್ನ್! ನಮ್ಮ ಟ್ರಾಫಿಕ್ಕಿನಷ್ಟೇ ಟ್ರಾಫಿಕ್, ಆದರೆ ಒಬ್ಬನೂ ಹಾರ್ನ್ ಹೊಡೆಯುವುದಿಲ್ಲ. ಸುಮ್ಮನೆ ನಿಂತಿರುತ್ತಾರೆ, ದೇವರ ದರ್ಶನಕ್ಕೆ ಕ್ಯೂ ನಿಂತ ಹಾಗೆ. ನಾನು ಮೊದಲ ದಿನ ನನ್ನ ಕಿವಿಗೇ ಏನೋ ಆಗಿದೆ ಅಂದುಕೊಂಡೆ. ವಿಮಾನದಲ್ಲಿ ಕಿವಿ ಕಟ್ಟಿಕೊಂಡಿತ್ತಲ್ಲ.

ಮಿಕ್ಕ ವಿಷಯದಲ್ಲಿ ಅವರು ನಮ್ಮ ಹಾಗೆಯೇ. ಚಪ್ಪಲಿ ಹೊರಗೆ ಬಿಡುತ್ತಾರೆ. ದೇವರ ಕಡೆ ಕಾಲು ಚಾಚುವುದಿಲ್ಲ. ಕೈಮುಗಿದು ಮಾತಾಡಿಸುತ್ತಾರೆ. ಬಾತ್‌ರೂಮಿನಲ್ಲಿ ನೀರಿನ ಪೈಪ್ ಇದೆ. ಅದನ್ನು ನೋಡಿ ನಮ್ಮ ಟೂರಿನ ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟೆವು. ಹೆಂಗಸರು ಮಾತಿನ ಕೊನೆಗೆಲ್ಲ “ಖಾ” ಎಂದು ಎಳೆಯುತ್ತಾರೆ, ನಾವು “ಕಣೇ” ಅನ್ನುವ ಹಾಗೆ, ಆದರೆ ಅದರಲ್ಲಿ ಜಗಳ ಇಲ್ಲ.

ಕಷ್ಟವಾದದ್ದು ಊಟ. ನಾವು ಲಿಂಗ ಕಟ್ಟಿಕೊಂಡ ಮನೆಯವರು, ಮೊಟ್ಟೆ ಮುಟ್ಟಿದರೂ ಸ್ನಾನ ಮಾಡುವವರು. ಅಲ್ಲಿ ಮೀನಿನ ರಸ ಹಾಕದ ಪದಾರ್ಥವೇ ಇಲ್ಲ. ಮೊದಲ ದಿನ ಹೋಟೆಲಿನಲ್ಲಿ “ಓನ್ಲಿ ವೆಜಿಟೆಬಲ್, ಓನ್ಲಿ ವೆಜಿಟೆಬಲ್” ಎಂದು ಮಂತ್ರ ಹೇಳಿ ಸೂಪ್ ತರಿಸಿದೆವು. ನಾನು ಸ್ಪೂನ್ ಬಾಯಿಗೆ ಒಯ್ಯುತ್ತಿದ್ದೆ, ರುದ್ರಪ್ಪ ನನ್ನ ಕೈ ಹಿಡಿದ.

“ಅಕ್ಕ, ಆ ಮೆಣಸಿನಕಾಯಿಗೆ ಕಣ್ಣಿದೆ ಕಣೇ!”

ಸಿಗಡಿ. ನನ್ನನ್ನೇ ನೋಡುತ್ತಿತ್ತು.

ನಮ್ಮ ಗೈಡ್ ಇದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಹೆಸರು ನೊಯ್. ಐವತ್ತರ ಆಸುಪಾಸಿನ ಹೆಂಗಸು, ಗುಂಡಗೆ, ಚುರುಕು. ಕೋಲಿನ ತುದಿಗೆ ಆನೆ ಬೊಂಬೆ ಕಟ್ಟಿಕೊಂಡು ನಮ್ಮ ಗುಂಪಿನ ಮುಂದೆ ನಡೆಯುವವಳು. ಮಾರನೆಯ ದಿನ ಬೆಳಗ್ಗೆ ಅವಳು ತನ್ನ ಮನೆಯಿಂದಲೇ ಸ್ಟೀಲ್ ಕ್ಯಾರಿಯರ್ ತಂದಳು. ಒಂದರಲ್ಲಿ ಅನ್ನ, ಒಂದರಲ್ಲಿ ಸೊಪ್ಪು, ಒಂದರಲ್ಲಿ ಮಾವಿನಹಣ್ಣು, ತೆಂಗಿನಹಾಲು ಹಾಕಿದ ಅಂಟಕ್ಕಿ ಅನ್ನ. “ಮೀನಿಲ್ಲ ಮಮ್ಮಾ, ಬೆಳ್ಳುಳ್ಳಿನೂ ಇಲ್ಲ. ನಾನೇ ಮಾಡಿದ್ದು,” ಎಂದಳು. ಆ ಮಾವಿನಹಣ್ಣಿನ ಅನ್ನ ತಿಂದಾಗ ನನಗೆ ನಮ್ಮ ಸೀಕರಣೆಯೇ ಯಾವುದೋ ದೂರದ ನೆಂಟರ ಮನೆಗೆ ಹೋಗಿ ದಪ್ಪವಾಗಿ ಬಂದ ಹಾಗೆ ಅನ್ನಿಸಿತು. ನಾನು ಅವಳಿಗೆ ಶೇಂಗಾ ಚಟ್ನಿಪುಡಿ ಕೊಟ್ಟೆ. ಅವಳು ಅದನ್ನು ಮಾವಿನಕಾಯಿಗೆ ಅದ್ದಿಕೊಂಡು ತಿಂದಳು. ಇಬ್ಬರೂ ಗೆಳತಿಯರಾದೆವು.

ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಒಂದರ ಹೆಗಲ ಮೇಲೆ ಒಂದು ಕೈಹಾಕಿಕೊಂಡು ನಡೆದವು. ಎಲ್ಲೆಲ್ಲಿ ಕಾಲು ಸೋತಿತೋ ಅಲ್ಲಿ ಫೋನು ಭಾಷಾಂತರ ಮಾಡಿತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅಯುತ್ಥಯದ ದಾರಿ

ಹಳೆಯ ರಾಜಧಾನಿ ಅಯುತ್ಥಯ ನೋಡಲು ವ್ಯಾನಿನಲ್ಲಿ ಹೋಗುತ್ತಿದ್ದೆವು. ದಾರಿಯಲ್ಲಿ ಸೈನ್ಯದ ಒಂದಷ್ಟು ಲಾರಿಗಳು ನಮ್ಮ ಎದುರಿಗೆ ಬಂದವು. ರುದ್ರಪ್ಪನ ಬೆನ್ನು ನೆಟ್ಟಗಾಯಿತು. ಅವನು ಮುಂದಿನ ಸೀಟಿಗೆ ಬಗ್ಗಿ ನೊಯ್‌ಗೆ ಹೇಳಿದ:

“ಮೇಡಂ, ನಿಮ್ಮ ದೇಶದಲ್ಲಿ ಎಲ್ಲಾ ಹುಡುಗ್ರೂ ಮಿಲಿಟ್ರಿಗೆ ಹೋಗ್ಬೇಕಂತಲ್ಲ? ವೆರಿ ಗುಡ್ ಸಿಸ್ಟಮ್. ನಮ್ಮಲ್ಲೂ ತರ್ಬೇಕು.”

ಯಾವ ಮಾತಿಗೂ ನಗುವ ನೊಯ್ ಆಗ ನಗಲಿಲ್ಲ. ಆನೆ ಬೊಂಬೆಯ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

“ಎಲ್ಲರೂ ಅಲ್ಲ ಸಾರ್. ಲಾಟರಿ ಎತ್ತೋದು. ನಾಳೆ ನನ್ನ ಮಗನದ್ದು.”

ಅಲ್ಲಿಯ ಪದ್ಧತಿ ಹೀಗಂತೆ. ಹುಡುಗರಿಗೆ ಇಪ್ಪತ್ತೊಂದು ತುಂಬಿದ ವರ್ಷ, ಬೇಸಿಗೆಯಲ್ಲಿ, ಅವರವರ ಪೇಟೆಯ ದೇವಸ್ಥಾನಕ್ಕೋ ಶಾಲೆಗೋ ಕರೆಯುತ್ತಾರೆ. ತಾವಾಗಿ ಬರುವವರು ಎಷ್ಟು ಜನ ಎಂದು ಮೊದಲು ಕೇಳುತ್ತಾರೆ. ಸಾಲದಿದ್ದರೆ ಮಿಕ್ಕವರು ಒಂದು ಪೆಟ್ಟಿಗೆಗೆ ಕೈಹಾಕಿ ಚೀಟಿ ಎತ್ತಬೇಕು. ಬಂದರೆ ಸೈನ್ಯ, ಇಲ್ಲದಿದ್ದರೆ ಮನೆ.

ನನಗೆ ಹಿಂದಿನ ಕಾಲದ ಸೈಟಿನ ಲಾಟರಿ ನೆನಪಾಯಿತು. ನಮ್ಮ ಯಜಮಾನರು ನಮ್ಮ ಹೆಸರು ಬರಲಿ ಎಂದು ಮಾಡದ ಹರಕೆಯಿರಲಿಲ್ಲ. ಇಲ್ಲಿ ಬರದೇ ಇರಲಿ ಎಂದು ಹರಕೆ.

“ಬಂದ್ರೆ ಬರ್ಲಿ ಬಿಡಿ,” ಎಂದ ರುದ್ರಪ್ಪ. “ಗಡಿಯಲ್ಲಿ ಗಲಾಟೆ ಇರೋವಾಗ ಹುಡುಗ್ರು ಬೇಕಲ್ವಾ?”

ಅಲ್ಲೇ ನೊಯ್‌ಗೆ ನೋವಾದದ್ದು. ಅವಳ ತವರು ಗಡಿಯ ಸುರಿನ್ ಎಂಬ ಊರು. ಮನೆಮಾತು ಆಚೆಯ ಕಾಂಬೋಡಿಯದವರ ಮಾತೇ. ಅವಳ ಅಕ್ಕನನ್ನು ಆ ಕಡೆಗೇ ಕೊಟ್ಟಿದ್ದಾರೆ. ಗಡಿ ಜಗಳ ಶುರುವಾದ ಮೇಲೆ ಅಕ್ಕ ತಂಗಿಯರು ಮುಖ ನೋಡಿಲ್ಲ, ಫೋನಿನಲ್ಲಿ ಅಳುತ್ತಾರೆ.

“ಟೀವಿಯವ್ರಿಗೆ ಈ ಯುದ್ಧ ಇಷ್ಟ ಸಾರ್. ನಮ್ಮ ಬೀದಿಯಲ್ಲಿ ಯಾರಿಗೂ ಇಷ್ಟ ಇಲ್ಲ. ಆ ಕಡೆನೂ ಹುಡುಗರನ್ನ ಕರೀತಾರಂತೆ. ನನ್ನ ಮಗ ಈ ಕಡೆ ನಿಂತ್ರೆ, ಎದುರಿಗೆ ನನ್ನ ಅಕ್ಕನ ಮಗ.”

ರುದ್ರಪ್ಪ ಸುಮ್ಮನಿರುವ ಜಾತಿಯಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಲ್ವೇ ಅಕ್ಕ, ಅವ್ರ ಕಷ್ಟ ಸರಿ. ಆದ್ರೆ ಪಕ್ಕದ ಮನೆಯವನು ಕಾಂಪೌಂಡ್ ಹಾರಿ ಬಂದ್ರೆ? ನಂಗೆ ಇಷ್ಟ ಇಲ್ಲ ಅಂತ ಬಾಗ್ಲು ತೆಗೆದಿಟ್ಟು ಮಲ್ಕೋತೀಯಾ?” ಎಂದ.

“ಮಲ್ಕೊಳ್ಳಲ್ಲ. ಆದ್ರೆ ನಮ್ಮ ರೋಡಲ್ಲಿ ನಡೆದದ್ದು ನೋಡಿಲ್ವಾ? ಕಾಂಪೌಂಡಿಗೆ ಜಗಳ ಆಡಿದ್ದು ಇಬ್ರು ಓನರ್‌ಗಳು. ತಲೆ ಒಡೆಸ್ಕೊಂಡಿದ್ದು ಬಾಡಿಗೆ ಮನೆ ಹುಡುಗ್ರು.”

“ಅದಕ್ಕೇ ಲಾಟರಿ ಇರೋದು. ಓನರ್ ಮಗಾನೂ ಕೈ ಹಾಕ್ಬೇಕು, ಬಾಡಿಗೆಯವನ ಮಗಾನೂ ಹಾಕ್ಬೇಕು. ನ್ಯಾಯ ತಾನೇ?”

ತಮ್ಮಂದಿರು ಅಪರೂಪಕ್ಕೆ ಸರಿಯಾದ ಮಾತು ಆಡಿದಾಗ ಬಹಳ ಸಿಟ್ಟು ಬರುತ್ತದೆ. ಅವನ ಬಿಸ್ಕತ್ ಪೊಟ್ಟಣ ಕಿತ್ತುಕೊಂಡು ಹಿಂದಿನ ಸೀಟಿನವರಿಗೆ ಹಂಚಿದೆ.

ಅಯುತ್ಥಯದಲ್ಲಿ ತಲೆಯಿಲ್ಲದ ಬುದ್ಧರ ಸಾಲು ಸಾಲು ವಿಗ್ರಹಗಳಿದ್ದವು. ಹಿಂದಿನ ಯಾವುದೋ ಯುದ್ಧದಲ್ಲಿ ಕಡಿದದ್ದಂತೆ. ನಾನು ಅವುಗಳ ನಡುವೆ ನೊಯ್‌ಳ ಕೈಹಿಡಿದು, ನಾಳೆ ನಿನ್ನ ಜೊತೆ ಬರುತ್ತೇನೆ ಎಂದೆ. ನಾಳೆ ನಮ್ಮ ಗುಂಪಿನವರು ಇಡೀ ದಿನ ಮಾಲ್‌ಗಳಲ್ಲಿ ಶಾಪಿಂಗ್ ಮಾಡುವವರಿದ್ದರು. ನೊಯ್ ಬದಲಿಗೆ ಬೇರೆ ಗೈಡ್ ಬರುವವಳಿದ್ದಳು. ಮಾಲ್ ನೋಡುವುದಕ್ಕೆ ನಾನು ಬಸವೇಶ್ವರನಗರದಿಂದ ಬ್ಯಾಂಕಾಕಿಗೆ ಹೋಗಬೇಕೇ?

“ನಾನೂ ಬರ್ತೀನಿ,” ಎಂದ ರುದ್ರಪ್ಪ. “ಸಿಸ್ಟಮ್ ಹೇಗಿದೆ ನೋಡ್ಬೇಕು.”

ನೊಯ್ ಮನೆ

ಮನೆ ಇದ್ದದ್ದು ಊರ ಹೊರಗಿನ ಒಂದು ಗಲ್ಲಿಯಲ್ಲಿ. ನಮ್ಮ ಬಾಪೂಜಿನಗರದ ಗಲ್ಲಿಯ ಹಾಗೆಯೇ: ಒತ್ತೊತ್ತು ಮನೆ, ಮೇಲೆ ವೈರುಗಳ ಜೇಡರಬಲೆ, ಬಾಗಿಲಲ್ಲಿ ಗಿಡದ ಡಬ್ಬ. ನೊಯ್‌ಳ ಗಂಡ ಸೊಮ್‌ಚಾಯ್ ಕೈಮುಗಿದು ಒಳಗೆ ಕರೆದ. ಲಾರಿ ಡ್ರೈವರು, ಸಣ್ಣ ದನಿಯವನು. ಪಕ್ಕದ ಮನೆಯ ಅಜ್ಜಿಯೂ ಅಲ್ಲೇ ಚಾಪೆಯ ಮೇಲೆ ಕೂತಿದ್ದಳು. ಎಲ್ಲರೂ ಅವಳನ್ನು “ಯಾಯ್” ಎನ್ನುತ್ತಿದ್ದರು. ಯಾಯ್ ಅಂದರೆ ಅಜ್ಜಿ ಎಂದೇ ಅರ್ಥ. ನನಗಿಂತ ದೊಡ್ಡವಳು, ಬಾಯಲ್ಲಿ ಹಲ್ಲಿಲ್ಲ, ಕೈ ಸ್ವಲ್ಪ ನಡುಗುತ್ತಿತ್ತು, ಕಣ್ಣಲ್ಲಿ ಮಾತ್ರ ಭಾರಿ ತುಂಟತನ. ನನ್ನ ಸೀರೆಯ ಸೆರಗು ಎತ್ತಿ ನೋಡಿ ಇದರಲ್ಲಿ ಎಷ್ಟು ಕಿಟಕಿಗೆ ಪರದೆ ಆಗುತ್ತದೆ ಎಂದು ಕೇಳಿದಳು. ಅವಳ ಮೊಮ್ಮಗನದೂ ಅವತ್ತೇ ಲಾಟರಿ. ಅವನನ್ನು ಸಾಕಿದ್ದು ಅವಳೇ, ನೂಡಲ್ಸ್ ಗಾಡಿ ತಳ್ಳಿಕೊಂಡು.

ಒಳಗಿನಿಂದ ಇಬ್ಬರು ಹುಡುಗರು ಬಂದರು. ನೊಯ್ ಮಗನನ್ನು ತೋರಿಸಿ, “ಇವನು ಬ್ಯಾಂಕ್,” ಎಂದಳು.

“ಬ್ಯಾಂಕಲ್ಲಿ ಕೆಲ್ಸಾನಾ?” ರುದ್ರಪ್ಪನ ಮುಖ ಅರಳಿತು.

“ಅಲ್ಲ, ಹೆಸರೇ ಬ್ಯಾಂಕ್. ಅವನ ಫ್ರೆಂಡು ಐಸ್. ಯಾಯ್ ಮೊಮ್ಮಗ.”

ಅಲ್ಲಿ ಮನೆಯಲ್ಲಿ ಕರೆಯುವ ಹೆಸರು ಹೀಗೆಯೇ ಅಂತೆ. ರುದ್ರಪ್ಪ ಬ್ಯಾಂಕನ ಕೈಯನ್ನು ಬಹಳ ಹೊತ್ತು ಕುಲುಕಿದ.

ಬ್ಯಾಂಕ್ ಸಪೂರ ಹುಡುಗ. ಗ್ಯಾರೇಜಿನಲ್ಲಿ ಕೆಲಸ. ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಅವನ ಮುಖ ನೋಡಿ ನನಗೆ ಪರೀಕ್ಷೆಗೆ ಹೊರಟ ನಮ್ಮ ಮಕ್ಕಳ ನೆನಪಾಯಿತು. ನಾನು ಏನು ಮಾಡುತ್ತೇನೆ? ನಮ್ಮ ಮನೆಯಲ್ಲಿ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಪರ್ಸಿನಿಂದ ಕುಂಕುಮದ ಭರಣಿ ತೆಗೆದು, “ಶಿವಾ, ಈ ಹುಡುಗನ್ನ ಮನೇಲೇ ಉಳಿಸಪ್ಪ,” ಎಂದು ಮನಸ್ಸಿನಲ್ಲೇ ಬೇಡಿ, ಅವನ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟೆ.

ನೊಯ್‌ಳ ಕೈಯಿಂದ ಸೌಟು ಬಿತ್ತು.

ಸೊಮ್‌ಚಾಯ್ ಗೋಡೆ ಹಿಡಿದುಕೊಂಡ. ಐಸ್ ಎರಡು ಹೆಜ್ಜೆ ಹಿಂದೆ ಸರಿದ, ತನಗೂ ಎಲ್ಲಿ ಇಟ್ಟುಬಿಡುತ್ತಾಳೋ ಎಂಬಂತೆ. ಆಗ ನಾನು ಮೊದಲ ಬಾರಿಗೆ ಆ ಮನೆಯನ್ನು ಸರಿಯಾಗಿ ನೋಡಿದೆ. ನೊಯ್ ಕಪ್ಪು ಅಂಗಿ ಹಾಕಿದ್ದಳು. ಸೊಮ್‌ಚಾಯ್‌ದೂ ಕಪ್ಪು. ಹುಡುಗರದೂ ಕಪ್ಪು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಮೇಜಿನ ಮೇಲಿದ್ದ ಸಾಸ್ ಬಾಟಲಿಗೂ ಕಾಗದ ಸುತ್ತಿತ್ತು.

ಪೆಟ್ಟಿಗೆಯಲ್ಲಿ ಎರಡು ಬಣ್ಣದ ಚೀಟಿಗಳಿರುತ್ತವಂತೆ. ಕಪ್ಪು ಬಂದರೆ ಮನೆ, ಕೆಂಪು ಬಂದರೆ ಸೈನ್ಯ. ಅದನ್ನು ಮಾತ್ರ ನೊಯ್ ನನಗೆ ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆದೂ ಇಲ್ಲ. ಅವರ ಊರಿನಲ್ಲಿ ಕೂಸಿಗೂ ಗೊತ್ತಿರುವ ವಿಷಯ. ನಮಗೋ, ಕೆಂಪು ಅಂದರೆ ಮಂಗಳ. ಕಪ್ಪು ಬಟ್ಟೆ ಉಟ್ಟುಕೊಂಡು ಶುಭಕಾರ್ಯಕ್ಕೆ ಹೋದರೆ ನಮ್ಮತ್ತೆ ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದರು.

ರುದ್ರಪ್ಪ ಕಿವಿಯಲ್ಲಿ, “ಹೋಗಿ ಹೋಗಿ ಆ ಹುಡುಗನ್ನ ಬಾರ್ಡರ್‌ಗೆ ಕಳಿಸ್ದೆಯಲ್ಲೇ!” ಎಂದ.

“ನೀನೇ ತಾನೇ ಎಲ್ಲಾರೂ ಹೋಗ್ಬೇಕು ಅಂದಿದ್ದು!”

“ಹೋಗ್ಬೇಕು ಅಂದೆ ಕಣೇ, ನೀನು ಕಳ್ಸು ಅಂದ್ನಾ?”

ನಾನು ಸೆರಗಿನಿಂದ ಒರೆಸಿದೆ. ಕುಂಕುಮದ ಗುಣ ನಿಮಗೆ ಗೊತ್ತಲ್ಲ, ಒರೆಸಿದಷ್ಟೂ ಹರಡುತ್ತದೆ. ಬೆವರು ಬೇರೆ. ಹುಡುಗನ ಹಣೆಯೆಲ್ಲ ಕೆಂಪಾಯಿತು. ಸೋಪು ಹಾಕಿ ತೊಳೆದ, ಗುಲಾಬಿಯಾಯಿತು. ಕೊನೆಗೆ ಅದರ ಮೇಲೆ ವಿಭೂತಿ ಬಳಿದೆ. ಅವನು ನಮ್ಮ ಕಡೆಯ ಮರಿಸ್ವಾಮಿಯ ಹಾಗೆ ನಿಂತ. ನನಗೆ ಕಣ್ಣಲ್ಲಿ ನೀರು ಬಂತು. ಅವನಿಗೇನಾದರೂ ಕೆಂಪು ಬಂದರೆ ಈ ಹೆಂಗಸು ಜೀವಮಾನವೆಲ್ಲ ನನ್ನ ಬೆರಳನ್ನು ನೆನೆಸಿಕೊಳ್ಳುತ್ತಾಳೆ.

ಆಗ ಯಾಯ್ ನಗತೊಡಗಿದಳು. ಚಾಪೆಯ ಮೇಲೆ ಹಿಂದಕ್ಕೆ ಮುಂದಕ್ಕೆ ತೂಗಾಡುತ್ತ, ಹಲ್ಲಿಲ್ಲದ ಬಾಯಿ ತೆರೆದುಕೊಂಡು. ಏನೋ ಹೇಳಿದಳು, ನೊಯ್‌ಳ ಮುಖಕ್ಕೆ ಬಣ್ಣ ವಾಪಸ್ ಬಂತು.

“ಯಾಯ್ ಹೇಳ್ತಾಳೆ, ಇವನ ಪಾಲಿನ ಕೆಂಪು ಹಣೆಗೇ ಬಂದಾಯ್ತಂತೆ. ಇನ್ನು ಕೈಗೆ ಬರೋಕೆ ಬಾಕಿ ಇಲ್ವಂತೆ.”

ನಾನು ಹೋಗಿ ಆ ಮುದುಕಿಯ ಪಕ್ಕದಲ್ಲಿ ಕೂತುಬಿಟ್ಟೆ. ಆಮೇಲೆ ಇಡೀ ದಿನ ಅವಳ ಪಕ್ಕ ಬಿಡಲಿಲ್ಲ.

ದೇವಸ್ಥಾನದ ಅಂಗಳ

ಅದು ಸೈನ್ಯದ ಕೆಲಸದ ಹಾಗೆ ಕಾಣುತ್ತಲೇ ಇರಲಿಲ್ಲ, ಮದುವೆಯ ಹಾಗಿತ್ತು. ಶಾಮಿಯಾನ, ಮೈಕು, ಫ್ಯಾನು, ಐಸ್‌ಕ್ರೀಮ್ ಮಾರುವವನು, ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡ ಅಕ್ಕಂದಿರು. ಒಂದು ಕಡೆ ಹುಡುಗರು ಅಂಗಿ ಬಿಚ್ಚಿ ಎದೆ ಅಳೆಸಿಕೊಳ್ಳುತ್ತಿದ್ದರು. ದರ್ಜಿಯ ಮುಂದೆ ನಿಂತ ಹಾಗೆ ಉಸಿರು ಬಿಗಿಹಿಡಿದಿದ್ದರು.

ಆ ಸಾಲಿನಲ್ಲಿ ಒಬ್ಬ ಚೆಲುವೆಯೂ ಇದ್ದಳು. ಉದ್ದ ಕೂದಲು, ಹಸಿರು ಗೌನು, ಎತ್ತರದ ಚಪ್ಪಲಿ. ಬಹುಮಾನ ಕೊಡಲು ಬಂದಿದ್ದಾಳೇನೋ ಅಂದುಕೊಂಡೆ. ಹುಟ್ಟಿದಾಗ ಗಂಡು ಎಂದು ಬರೆಸಿದವರಿಗೆಲ್ಲ ಕರೆ ಬರುತ್ತದಂತೆ. ಅವಳು ಡಾಕ್ಟರ ಪತ್ರ ತೋರಿಸಿ ಬಿಡುಗಡೆ ಪಡೆದಳು. ಸೈನ್ಯದ ಆಫೀಸರೇ ಎದ್ದು ಅವಳಿಗೆ ಕುರ್ಚಿ ಕೊಟ್ಟ. ಹೋಗುವಾಗ ಅವಳು ನನ್ನ ಇಳಕಲ್ ಸೀರೆ ನೋಡಿ ನಿಂತು ನನ್ನ ಜೊತೆ ಸೆಲ್ಫಿ ತೆಗೆದುಕೊಂಡಳು. ಫೋಟೋದಲ್ಲಿ ನಾನು ಅವಳ ಮೊಣಕೈಯಷ್ಟಿದ್ದೇನೆ.

ಸೊಮ್‌ಚಾಯ್ ನಮ್ಮ ಹಿಂದೆ ನಿಂತಿದ್ದ. ರುದ್ರಪ್ಪ ಅವನನ್ನು ಕೇಳಿದ: “ನೀವೂ ಚೀಟಿ ಎತ್ತಿದ್ರಾ?”

“ಎತ್ತಿದೆ ಸಾರ್. ಕೆಂಪು. ಎರಡು ವರ್ಷ ಇದ್ದೆ. ಲಾರಿ ಓಡ್ಸೋದು ಅಲ್ಲೇ ಕಲ್ತೆ. ಅದರಿಂದಲೇ ಇವತ್ತು ಅನ್ನ.”

ರುದ್ರಪ್ಪ ನನ್ನ ಕಡೆ ನೋಡಿದ, ಗೆದ್ದವನ ಹಾಗೆ.

ಸೊಮ್‌ಚಾಯ್ ಮುಂದುವರಿಸಿದ: “ಯಾರಾದ್ರೂ ನಿಲ್ಲಲೇಬೇಕು, ಗೊತ್ತು. ಆವಾಗ ಯುದ್ಧ ಇರ್ಲಿಲ್ಲ, ಅಪ್ಪನೂ ನಗ್ತಾ ಕಳಿಸಿದ. ಈ ಜಗಳ ಯಾತಕ್ಕೆ ಅಂತ ನಂಗೆ ಯಾರೂ ಹೇಳಿಲ್ಲ. ಹೇಳದೇ ಮಗನ್ನ ಕೇಳಿದ್ರೆ ಹೇಗೆ ಕೊಡ್ಲಿ?”

“ಎಲ್ಲರೂ ಕೈ ಹಾಕ್ತಾರಲ್ಲ, ಅದೊಂದು ನ್ಯಾಯ,” ಎಂದ ರುದ್ರಪ್ಪ, ಸ್ವಲ್ಪ ಮೆಲ್ಲಗೆ.

“ಎಲ್ಲರೂ ಎಲ್ಲಿ ಸಾರ್? ಹೈಸ್ಕೂಲಿನಲ್ಲಿ ಮೂರು ವರ್ಷ ಡ್ರಿಲ್ ಮಾಡಿದವ್ರಿಗೆ ಮಾಫಿ. ಸ್ಕೂಲು ಬಿಟ್ಟು ಕೆಲಸಕ್ಕೆ ಹೋದವ್ರು ಇಲ್ಲಿ ಕೂತಿದಾರೆ. ನೋಡಿ.”

ನೋಡಿದೆವು. ಗ್ಯಾರೇಜಿನ ಉಗುರುಗಳು, ಗಾರೆ ಕೆಲಸದ ಹೆಗಲುಗಳು, ಡೆಲಿವರಿ ಹುಡುಗರ ಬಿಸಿಲು ಸುಟ್ಟ ಕೈಗಳು. ವ್ಯಾನಿನಲ್ಲಿ ಕೊಡಲಾಗದೇ ಹೋದ ಉತ್ತರ ಎದುರಿಗೇ ಸಾಲಾಗಿ ಕೂತಿತ್ತು. ತಮ್ಮನಿಗೂ ಕಣ್ಣಿದೆ.

ಚೀಟಿ ಎತ್ತುವುದು ಶುರುವಾಯಿತು. ಹುಡುಗ ಮುಂದೆ ಬಂದು, ಎರಡೂ ಕೈ ಎತ್ತಿ ಬೆರಳು ಬಿಡಿಸಿ, ಕೈಯಲ್ಲಿ ಏನೂ ಇಲ್ಲ ಎಂದು ಎಲ್ಲರಿಗೂ ತೋರಿಸಬೇಕು. ಆಮೇಲೆ ಪೆಟ್ಟಿಗೆಗೆ ಕೈ. ಎತ್ತಿದ ಚೀಟಿಯನ್ನು ಆಫೀಸರ್ ಬಿಡಿಸಿ ಮೈಕಿನಲ್ಲಿ ಕೂಗುತ್ತಾನೆ. ಕಪ್ಪಿಗೆ ಅವರು “ದಮ್” ಎನ್ನುತ್ತಾರೆ, ಕೆಂಪಿಗೆ “ದೇಂಗ್.” ಜನ ಮೊದಲೇ “ದಮ್! ದಮ್! ದಮ್!” ಎಂದು ಚಪ್ಪಾಳೆ ತಟ್ಟಿ ಕೂಗುತ್ತಾರೆ. ಒಬ್ಬ ಹುಡುಗ ಕಪ್ಪು ಬಂದದ್ದಕ್ಕೇ ಮೂರ್ಛೆ ಹೋದ. ಇನ್ನೊಬ್ಬನಿಗೆ ಕೆಂಪು ಬಂತು, ಅವನು ನಕ್ಕ, ಅವನ ಅಪ್ಪ ಮೂರ್ಛೆ ಹೋದ. ಒಬ್ಬ ಹೆದರಿ ಪೆಟ್ಟಿಗೆಯೊಳಗಿನ ಕೈಯನ್ನೇ ತೆಗೆಯಲೊಲ್ಲ. ಆಫೀಸರ್ ಅವನ ಬೆನ್ನು ಸವರಿ, ಮಗು ಎಬ್ಬಿಸುವ ಹಾಗೆ ಏನೋ ಹೇಳಿದ.

ಬ್ಯಾಂಕನ ಸರದಿ ಬಂತು. ನೊಯ್ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ನನ್ನ ಒಂದು ಕೈಯನ್ನು ಯಾಯ್ ಹಿಡಿದಿದ್ದಳು, ಇನ್ನೊಂದನ್ನು ರುದ್ರಪ್ಪ. ಅವನ ಕೈ ಒದ್ದೆಯಾಗಿತ್ತು. “ದಮ್, ದಮ್” ಎಂದು ನಾನು ಕೂಗಿದೆ. ಪಕ್ಕದಲ್ಲಿ ಇನ್ನೊಂದು ದನಿ ಅದಕ್ಕಿಂತ ಜೋರಾಗಿ ಕೂಗುತ್ತಿತ್ತು. ತಿರುಗಿ ನೋಡಿದರೆ ನಮ್ಮ ಸೇನಾಪತಿ!

ಆಫೀಸರ್ ಚೀಟಿ ಬಿಡಿಸಿದ. ತನ್ನ ಕಣ್ಣು ತಾನೇ ನಂಬದವನಂತೆ ಉಜ್ಜಿಕೊಂಡು, ತಡಮಾಡಿ, ಜನರನ್ನು ಆಟ ಆಡಿಸಿ ಕೂಗಿದ.

“ದಮ್!”

ನಾನು ಸೀರೆ ಎತ್ತಿ ಹಿಡಿದು ಕುಣಿದೆ. ನಿಜವಾಗಿಯೂ. ರುದ್ರಪ್ಪ ಸೊಮ್‌ಚಾಯ್‌ನನ್ನು ಅಪ್ಪಿಕೊಂಡ. ಬ್ಯಾಂಕ್ ಓಡಿಬಂದು ಮೊದಲು ಅಮ್ಮನ ಕಾಲಿಗೆ ಬಿದ್ದ, ಆಮೇಲೆ ನನ್ನ ಕಾಲಿಗೆ. ನೊಯ್ ನನ್ನ ಬೆರಳನ್ನು ಹಿಡಿದು ಮುತ್ತಿಟ್ಟಳು, ಕುಂಕುಮ ಇಟ್ಟ ಅದೇ ಬೆರಳು. ನಾನು ನಗುತ್ತ ತಿರುಗಿದೆ, ಯಾಯ್‌ಳನ್ನೂ ಎಬ್ಬಿಸಿ ಕುಣಿಸೋಣ ಎಂದು.

ಯಾಯ್ ನಗುತ್ತಿದ್ದಳು. ಚಪ್ಪಾಳೆ ತಟ್ಟುತ್ತಿದ್ದಳು. ಆದರೆ ಕಣ್ಣು ಪೆಟ್ಟಿಗೆಯ ಮೇಲಿತ್ತು.

ಆಗ ನನಗೆ ಹೊಳೆಯಿತು. ಪೆಟ್ಟಿಗೆಯಿಂದ ಒಂದು ಕಪ್ಪು ಕಡಿಮೆಯಾಗಿದೆ. ಕೆಂಪು ಅಷ್ಟೇ ಇವೆ. ನಾನು ಬೆಳಗ್ಗೆ ಶಿವನ ಹತ್ತಿರ ಬೇಡಿದ್ದು ಒಬ್ಬ ಹುಡುಗನನ್ನು ಉಳಿಸು ಎಂದಲ್ಲ, ಅವನ ಬದಲು ಇನ್ನೊಬ್ಬನನ್ನು ಕಳಿಸು ಎಂದು. ಆ ಅಂಗಳದಲ್ಲಿ ಕೂತ ಒಬ್ಬೊಬ್ಬ ತಾಯಿಯೂ ಪಕ್ಕದವಳ ಮಗನಿಗೆ ಅದನ್ನೇ ಬೇಡುತ್ತಿದ್ದಳು, ಒಬ್ಬರಿಗೊಬ್ಬರು ಬೀಸಣಿಗೆ ಬೀಸಿಕೊಳ್ಳುತ್ತ.

ಐಸ್ ಕೈ ಎತ್ತಿ ತೋರಿಸಿದ. ಹಾಸ್ಯಕ್ಕೆ ಜೇಬನ್ನೂ ಹೊರಗೆಳೆದು ತೋರಿಸಿದ. ಜನ ನಕ್ಕರು. ಪೆಟ್ಟಿಗೆಗೆ ಕೈಹಾಕಿದ.

“ದೇಂಗ್,” ಎಂದ ಆಫೀಸರ್. ಈ ಸಲ ಆಟ ಆಡಿಸಲಿಲ್ಲ.

ಯಾಯ್ ಚಪ್ಪಾಳೆ ನಿಲ್ಲಿಸಲಿಲ್ಲ. ಕೈ ತಟ್ಟುತ್ತಲೇ ಇತ್ತು, ಸದ್ದು ಬರುತ್ತಿರಲಿಲ್ಲ.

ಗಲ್ಲಿಯಲ್ಲಿ ಊಟ

ಕಪ್ಪು ಬಂದರೆ ದೇವರಿಗೆ ಒಂದು ಬುಟ್ಟಿ ಬೇಯಿಸಿದ ಮೊಟ್ಟೆ ಒಪ್ಪಿಸುತ್ತೇನೆಂದು ನೊಯ್ ಹರಕೆ ಹೊತ್ತಿದ್ದಳಂತೆ. ಒಪ್ಪಿಸಿ ತಂದದ್ದನ್ನು ಪ್ರಸಾದದ ಹಾಗೆ ಬೀದಿಗೆಲ್ಲ ಹಂಚಬೇಕು. ಗಲ್ಲಿಯಲ್ಲಿ ಚಾಪೆ ಹಾಸಿದರು. ಯಾರೋ ಸ್ಪೀಕರ್ ತಂದರು. ನೊಯ್ ಅದನ್ನು ತಾನೇ ಒಳಗೆ ಒಯ್ದಿಟ್ಟಳು. ಊಟ ಬಡಿಸಿದ್ದಳು, ಯಾರೂ ತಟ್ಟೆಗೆ ಕೈಹಾಕಿರಲಿಲ್ಲ. ಬ್ಯಾಂಕ್ ತನಗೆ ಕಪ್ಪು ಬಂದದ್ದೇ ತಪ್ಪು ಎಂಬಂತೆ ಮೂಲೆಯಲ್ಲಿ ಕೂತಿದ್ದ.

ಐಸ್ ಒಳಗೆ ಹೋಗಿ ಸ್ಪೀಕರನ್ನು ಎತ್ತಿಕೊಂಡು ಬಂದ. “ಯಾರು ಸತ್ತಿದ್ದಾರೆ? ನಾನು ಹೋಗೋದು ಮುಂದಿನ ತಿಂಗಳು. ಊಟ ಇವತ್ತು!” ಎಂದು ಹಾಡು ಹಾಕಿ, ಬ್ಯಾಂಕನನ್ನು ಎಳೆದುಕೊಂಡು ಕುಣಿಯತೊಡಗಿದ. ಎಲ್ಲರೂ ಒಂದೇ ಸಲ ಉಸಿರು ಬಿಟ್ಟರು.

ರುದ್ರಪ್ಪನಿಗೆ ಏನಾದರೂ ಹೇಳಬೇಕೆನ್ನಿಸಿತು. ಎದ್ದುಹೋಗಿ ಐಸ್‌ನ ಹೆಗಲ ಮೇಲೆ ಕೈಯಿಟ್ಟು, ಬ್ಯಾಂಕಿನ ವಾರ್ಷಿಕೋತ್ಸವದ ದನಿಯಲ್ಲಿ, “ಪ್ರೌಡ್ ಆಫ್ ಯೂ, ಮೈ ಬಾಯ್. ದೇಶಕ್ಕೆ ನಿನ್ನಂಥೋರು ಬೇಕು,” ಎಂದ.

ಐಸ್ ಕೈಮುಗಿದ. ಆಮೇಲೆ ನಗುತ್ತ ಹೇಳಿದ: “ಅಂಕಲ್, ನನ್ನ ಬದಲು ನೀವು ಹೋಗಿ. ನಿಮ್ಮ ಟೂರ್ ನಾನು ಮುಗಿಸ್ತೀನಿ.”

ಗಲ್ಲಿಯೆಲ್ಲ ನಕ್ಕಿತು. ರುದ್ರಪ್ಪನೂ ನಕ್ಕ. ಬಂದು ನಮ್ಮ ಚಾಪೆಯ ಮೇಲೆ ಕೂತ.

ಯಾಯ್ ನನ್ನ ಫೋನನ್ನು ಕೇಳಿ ತೆಗೆದುಕೊಂಡು ಅದರ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ಫೋನು ವಾರ್ತೆ ಓದುವವಳ ದನಿಯಲ್ಲಿ ಕನ್ನಡದಲ್ಲಿ ಕೇಳಿತು: “ನಿಮ್ಮ ದೇಶದಲ್ಲಿ ಸೈನ್ಯಕ್ಕೆ ಯಾರು ಹೋಗುತ್ತಾರೆ?”

“ಇಷ್ಟ ಇರೋರು,” ಎಂದ ರುದ್ರಪ್ಪ. “ನಮ್ಮಲ್ಲಿ ಬಲವಂತ ಇಲ್ಲ ಅಮ್ಮಾ.”

ಯಾಯ್ ಅದನ್ನು ಕೇಳಿಸಿಕೊಂಡಳು. ತಲೆಯಾಡಿಸಿದಳು. ಒಳ್ಳೆಯ ಪದ್ಧತಿ ಎಂಬಂತೆ. ಮತ್ತೆ ಫೋನಿಗೆ ಹೇಳಿದಳು.

“ನಿಮ್ಮ ಮನೆಯಲ್ಲಿ ಯಾರಿಗೆ ಇಷ್ಟವಾಯಿತು?”

ಅವಳು ಚುಚ್ಚಬೇಕೆಂದು ಕೇಳಿರಲಿಲ್ಲ. ಅವಳ ಮುಖದಲ್ಲಿ ಅದು ಇರಲಿಲ್ಲ. ತನ್ನ ಹುಡುಗನ ಜೊತೆಗೆ ಇನ್ನೊಂದು ಊರಿನ ಒಬ್ಬ ಹುಡುಗನ ಹೆಸರನ್ನೂ ಸೇರಿಸಿ ದೇವರಿಗೆ ಹೇಳೋಣ ಅಂತಿರಬಹುದು. ನಾನು ಮನಸ್ಸಿನಲ್ಲೇ ನಮ್ಮ ಮನೆ, ತಮ್ಮನ ಮನೆ, ನಮ್ಮ ರೋಡು, ಹಿಂದಿನ ರೋಡು, ಪಾರ್ಕಿಗೆ ಬರುವವರು ಎಲ್ಲರನ್ನೂ ಹುಡುಕಿದೆ. ಎಂಜಿನಿಯರು ಸಿಕ್ಕರು, ಡಾಕ್ಟರು ಸಿಕ್ಕರು. ರುದ್ರಪ್ಪನೂ ಹುಡುಕುತ್ತಿದ್ದ. ಫೋನಿನ ಪರದೆ ಉತ್ತರಕ್ಕೆ ಕಾದು ಕಾದು ಕಪ್ಪಾಯಿತು.

ಯಾಯ್ ಕಾಯಲಿಲ್ಲ. ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದುಕೊಂಡಳು. ಸಿಪ್ಪೆ ಸುಲಿಯಲು ನೋಡಿದಳು. ಬೆಳಗ್ಗೆ ಸ್ವಲ್ಪವೇ ನಡುಗುತ್ತಿದ್ದ ಕೈ ಈಗ ನಿಲ್ಲುತ್ತಲೇ ಇರಲಿಲ್ಲ. ಮೊಟ್ಟೆ ಜಾರಿ ಚಾಪೆಯ ಮೇಲೆ ಉರುಳಿತು. ಎತ್ತಿಕೊಂಡಳು, ಮತ್ತೆ ಜಾರಿತು. ಆಚೆ ಐಸ್ ನೊಯ್‌ಳನ್ನು ಕುಣಿಸುತ್ತಿದ್ದ, ಅವನಿಗೆ ಕಾಣಿಸಲಿಲ್ಲ.

ರುದ್ರಪ್ಪ ಉರುಳಿಬಂದ ಮೊಟ್ಟೆಯನ್ನು ಎತ್ತಿಕೊಂಡ.

ನಾನು ಕಣ್ಣು ಬಿಟ್ಟು ನೋಡಿದೆ. ಪಕ್ಕದ ಟೇಬಲ್ಲಿನಲ್ಲಿ ಆಮ್ಲೆಟ್ ಬಂದರೆ ಜಾಗ ಬದಲಾಯಿಸುವ ಮನುಷ್ಯ. ಅದನ್ನು ಹೇಗೆ ಹಿಡಿಯಬೇಕೆಂದೂ ಅವನಿಗೆ ಗೊತ್ತಿರಲಿಲ್ಲ. ನಿಂಬೆಹಣ್ಣಿನ ಹಾಗೆ ಅಂಗೈಯಲ್ಲಿ ಉರುಳಿಸಿದ. ನೆಲಕ್ಕೆ ಮೆಲ್ಲಗೆ ಕುಟ್ಟಿದ. ಉಗುರಿನಿಂದ ಸಿಪ್ಪೆಯನ್ನು ಚೂರುಚೂರಾಗಿ ಬಿಡಿಸಿ, ಅರ್ಧ ಬಿಳಿಯನ್ನೂ ಅದರ ಜೊತೆಗೇ ಕಿತ್ತು, ಉಳಿದದ್ದನ್ನು ಯಾಯ್‌ಳ ಕೈಗೆ ಕೊಟ್ಟ.

“ಏನೋ ಇದು?” ಎಂದೆ.

“ಸುಮ್ನಿರೇ. ಹೋಗಿ ಸ್ನಾನ ಮಾಡಿದ್ರಾಯ್ತು.”

ಯಾಯ್ ಅದನ್ನು ವಸಡಿನಲ್ಲಿ ಮೆಲ್ಲನೆ ತಿಂದಳು. ತಿಂದು ಮುಗಿಸಿ, ಅವನ ಕಡೆ ನೋಡದೆ, ಹಾಡಿಗೆ ತಲೆಯಾಡಿಸುತ್ತ, ಕೈ ಮತ್ತೆ ಚಾಚಿದಳು. ರುದ್ರಪ್ಪನ ಕೈಗೆ ಬುಟ್ಟಿ ಎಟುಕುತ್ತಿರಲಿಲ್ಲ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿಗೆ ಎರಡೂ ಕೈ ಹಾಕಿ ಅವನ ಹತ್ತಿರಕ್ಕೆ ಎಳೆದು ಕೊಟ್ಟೆ.